ವಿಷಯ ಅಧ್ಯಾಪಕರ ಸಂಘ: ಕಚೇರಿಯ ಕೆಲಸ ಯಾರು ಮಾಡಬೇಕು, ಹಣ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ನಮ್ಮ ವಿಷಯ ಬೋಧಿಸುವವರ ಸಂಘಕ್ಕೆ ಹೋದ ತಿಂಗಳು ಕಾರ್ಯದರ್ಶಿಯಾಗಿ ಅವಿರೋಧವಾಗಿ ಆಯ್ಕೆಯಾದೆ. ಸದಸ್ಯರು ಸುಮಾರು 340. ಅವರಲ್ಲಿ 260 ಮಂದಿ ಒಂದು ಸಾವಿರ ರೂಪಾಯಿ ಕಟ್ಟಿದ ಆಜೀವ ಸದಸ್ಯರು, ಉಳಿದವರು ವರ್ಷಕ್ಕೆ 300 ರೂಪಾಯಿ ಕೊಡುವವರು. ಹಿಂದಿನ ಕಾರ್ಯದರ್ಶಿಗಳು ಒಂದು ಟ್ರಂಕು, ಒಂದು ಪಾಸ್‌ಬುಕ್ಕು, ಮೂರು ರಸೀದಿ ಪುಸ್ತಕ ಕೊಟ್ಟು ಕೈಮುಗಿದರು. ಸಂಘ 1996ರಲ್ಲಿ ನೋಂದಣಿಯಾಗಿದೆ, ಆದರೆ 2017ರ ನಂತರ ನೋಂದಣಾಧಿಕಾರಿಗಳಿಗೆ ಏನನ್ನಾದರೂ ಸಲ್ಲಿಸಿದ ಕಾಗದ ಸಿಗುತ್ತಿಲ್ಲ. ಇಷ್ಟು ವರ್ಷ ಸ್ನಾತಕೋತ್ತರ ವಿಭಾಗದ ಒಂದು ಕೋಣೆ ಮತ್ತು ಅಲ್ಲಿನ ಗುಮಾಸ್ತರ ನೆರವಿನಲ್ಲಿ ಕೆಲಸ ನಡೆದಿದೆ. ಹೊಸ ವಿಭಾಗ ಮುಖ್ಯಸ್ಥರು ಈಗ ಕೋಣೆ ತೆರವು ಮಾಡಿ ಎನ್ನುತ್ತಿದ್ದಾರೆ. ನಮ್ಮ ಜಿಲ್ಲೆಗೆ ಹೊಸ ವಿಶ್ವವಿದ್ಯಾಲಯ ಬಂದದ್ದರಿಂದ ಸಂಘವೇ ಎರಡಾಗಬೇಕೆಂಬ ಮಾತೂ ಇದೆ. ವಿಶ್ವವಿದ್ಯಾಲಯದಿಂದ ಒಬ್ಬ ಸಿಬ್ಬಂದಿಯನ್ನು ಕೇಳಬಹುದೇ? ನಾವೇ ಒಬ್ಬರನ್ನು ನೇಮಿಸಿಕೊಳ್ಳುವಷ್ಟು ಶಕ್ತಿ ಇದೆಯೇ?

ಉತ್ತರ: ರಾಜ್ಯದ ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಉಪಕುಲಸಚಿವನಾಗಿ ನಿವೃತ್ತನಾದವನು ನಾನು. ನಿವೃತ್ತಿಯ ಬಳಿಕ ಆರು ವರ್ಷ ಇಂಥದೇ ಒಂದು ಸಂಘದ ಅರೆಕಾಲಿಕ ಕಚೇರಿ ಕಾರ್ಯದರ್ಶಿಯಾಗಿದ್ದೆ. ಆದ್ದರಿಂದ ನಿಮ್ಮ ಟ್ರಂಕಿನೊಳಗೆ ಏನಿದೆ, ಏನಿಲ್ಲ ಎಂಬುದನ್ನು ನೋಡದೆಯೇ ಹೇಳಬಲ್ಲೆ. ಸ್ಮರಣ ಸಂಚಿಕೆಗಳು ಹೆಚ್ಚಾಗಿಯೇ ಇರುತ್ತವೆ, ನಡಾವಳಿ ಪುಸ್ತಕದಲ್ಲಿ ಕೊನೆಯ ಎರಡು ಸಭೆಗಳು ಇರುವುದಿಲ್ಲ, ಸದಸ್ಯರ ಪಟ್ಟಿಯಲ್ಲಿ ತೀರಿಕೊಂಡವರೂ ಇರುತ್ತಾರೆ.

ನೀವು ಕೋಣೆ, ಸಿಬ್ಬಂದಿ, ನೋಂದಣಿ, ಹಣ ಎಂದು ಬೇರೆ ಬೇರೆಯಾಗಿ ಕೇಳಿದ್ದೀರಿ. ನನ್ನ ಓದಿನಲ್ಲಿ ಇವೆಲ್ಲ ಒಂದೇ ತೊಂದರೆಯ ಬೇರೆ ಬೇರೆ ಮುಖಗಳು. ಸಂಘಕ್ಕೆ ತನ್ನದೇ ಆದ ಆಡಳಿತ ಇಲ್ಲ. ಇದ್ದದ್ದು ಒಬ್ಬ ಮುಖ್ಯಸ್ಥರ ಔದಾರ್ಯ, ಒಬ್ಬ ಗುಮಾಸ್ತರ ಒಳ್ಳೆಯತನ, ಒಬ್ಬ ಕಾರ್ಯದರ್ಶಿಯ ಮೊಬೈಲು. ಈ ಮೂವರಲ್ಲಿ ಒಬ್ಬರು ಬದಲಾದರೂ ಸಂಘ ಮತ್ತೆ ಒಂದರಿಂದ ಎಣಿಕೆ ಆರಂಭಿಸಬೇಕಾಗುತ್ತದೆ. ಆದ್ದರಿಂದ ಎಲ್ಲಿಂದ ನೆರವು ಸಿಗುತ್ತದೆ ಎಂದು ಹುಡುಕುವುದಕ್ಕೆ ಮೊದಲು, ಸಿಗುವ ನೆರವು ಯಾರ ಹೆಸರಿನಲ್ಲಿ, ಯಾವ ಕಾಗದದ ಮೇಲೆ ಇರುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಮೊದಲು ಕೆಲಸ ಎಷ್ಟಿದೆ ಎಂದು ನೋಡೋಣ, ಏಕೆಂದರೆ ಹೆಚ್ಚಿನ ಕಾರ್ಯಕಾರಿ ಸಮಿತಿಗಳು ಇದನ್ನು ಒಮ್ಮೆಯೂ ಲೆಕ್ಕ ಹಾಕಿರುವುದಿಲ್ಲ. ವಾರ್ಷಿಕ ಸಮ್ಮೇಳನವನ್ನೇ ತೆಗೆದುಕೊಳ್ಳಿ. ಸದಸ್ಯರು ಎರಡು ದಿನ ಕಾಲೇಜು ಬಿಟ್ಟು ಬರಬೇಕಾದರೆ ಅವರಿಗೆ ಓಓಡಿ, ಅಂದರೆ ರಜೆ ಹಾಕದೆ ಕರ್ತವ್ಯದ ಮೇಲೆಯೇ ಹೊರಗೆ ಹೋಗುವ ಅನುಮತಿ, ಬೇಕು. ಓಓಡಿ ಬೇಕಾದರೆ ಕಾಲೇಜು ಶಿಕ್ಷಣ ಇಲಾಖೆಗೆ ಮನವಿ ಹೋಗಬೇಕು, ಅಲ್ಲಿಂದ ಸುತ್ತೋಲೆ ಬರಬೇಕು, ಆ ಸುತ್ತೋಲೆಯ ಪ್ರತಿ ಒಂದೊಂದು ಕಾಲೇಜಿನ ಪ್ರಾಂಶುಪಾಲರನ್ನೂ ತಲುಪಬೇಕು, ಸಮ್ಮೇಳನ ಮುಗಿದ ಸಂಜೆಯೇ ಹಾಜರಾತಿ ಪ್ರಮಾಣಪತ್ರ ಸದಸ್ಯರ ಕೈಗೆ ಸಿಗಬೇಕು. ಇದು ಮೂರು ತಿಂಗಳ ಮುಂಚೆ ಶುರುವಾಗಬೇಕಾದ ಕೆಲಸ. ಕಾರ್ಯದರ್ಶಿಗೆ ಅದೇ ಹೊತ್ತಿನಲ್ಲಿ ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅಂಕ ತುಂಬುವ ಕೆಲಸ ಇರುತ್ತದೆ. ಮನವಿ ಹದಿನೈದು ದಿನ ಮುಂಚೆ ಹೋಗುತ್ತದೆ, ಸುತ್ತೋಲೆ ಸಮ್ಮೇಳನ ಮುಗಿದ ಮೇಲೆ ಬರುತ್ತದೆ, ಅರ್ಧ ಸಭಾಂಗಣ ಖಾಲಿ ಇರುತ್ತದೆ. ಆಮೇಲೆ ‘ಅಧ್ಯಾಪಕರಿಗೆ ಆಸಕ್ತಿಯೇ ಇಲ್ಲ’ ಎಂದು ವೇದಿಕೆಯ ಮೇಲೆ ಒಬ್ಬರಾದರೂ ಬೇಸರ ಪಡುತ್ತಾರೆ.

ಇನ್ನೊಂದು ಕೆಲಸ ಪ್ರಮಾಣಪತ್ರಗಳದು. ನಾನು ಕಚೇರಿ ಕಾರ್ಯದರ್ಶಿಯಾದ ಮೊದಲ ವರ್ಷ, ಒಂದು ಮಧ್ಯಾಹ್ನ, ಹಿಂದಿನ ರಾತ್ರಿಯ ಬಸ್ಸಿನಲ್ಲಿ ಬಂದಿದ್ದ ಅಧ್ಯಾಪಕರೊಬ್ಬರು ಕಡತ ಹಿಡಿದು ನಿಂತಿದ್ದರು. ಎರಡು ದಿನದಲ್ಲಿ ಅವರ ಬಡ್ತಿಯ (ಸಿಎಎಸ್) ಸಂದರ್ಶನ; 2011ರಲ್ಲಿ ನಮ್ಮ ಸಂಘದ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ ಪ್ರಮಾಣಪತ್ರ ಮನೆ ಬದಲಿಸುವಾಗ ಕಳೆದಿತ್ತು. ನಮ್ಮಲ್ಲಿ ಯಾರಿಗೆ ಯಾವ ಪ್ರಮಾಣಪತ್ರ ಕೊಟ್ಟೆವು ಎಂಬ ವಹಿಯೇ ಇರಲಿಲ್ಲ. ಇಬ್ಬರೂ ನೆಲದ ಮೇಲೆ ಕುಳಿತು ಟ್ರಂಕು ಖಾಲಿ ಮಾಡಿದೆವು. ಸ್ಮರಣ ಸಂಚಿಕೆಯಲ್ಲಿ ಅವರ ಹೆಸರು ‘ಪ್ರಬಂಧ ಬಾರದವರು’ ಎಂಬ ಪಟ್ಟಿಯಲ್ಲಿತ್ತು, ಏಕೆಂದರೆ ಅವರು ಸಾರಾಂಶ ತಡವಾಗಿ ಕಳಿಸಿದ್ದರು. ಕೊನೆಗೆ ಕೈ ಹಿಡಿದದ್ದು ರಸೀದಿ ಪುಸ್ತಕದ ಅಡಿಹಾಳೆ: ‘ಪ್ರತಿನಿಧಿ ಶುಲ್ಕ, ರೂ. 400, ಪ್ರಬಂಧ ಮಂಡನೆ’ ಎಂದು ಅಂದಿನ ಕೋಶಾಧ್ಯಕ್ಷರು ಅಚ್ಚುಕಟ್ಟಾಗಿ ಬರೆದಿದ್ದರು. ಅದರ ಆಧಾರದ ಮೇಲೆ ಅಧ್ಯಕ್ಷರಿಂದ ದೃಢೀಕರಣ ಪತ್ರ ಮಾಡಿಸಿ ಕಳಿಸಿದೆ. ಮರುದಿನವೇ ಒಂದು ವಹಿ ತೆರೆದು, ವರ್ಷ, ಕಾರ್ಯಕ್ರಮ, ಕ್ರಮಸಂಖ್ಯೆ ಇಲ್ಲದ ಯಾವ ಪ್ರಮಾಣಪತ್ರವೂ ಹೊರಗೆ ಹೋಗಬಾರದೆಂದು ನಿಯಮ ಮಾಡಿದೆವು. ಯುಜಿಸಿಯ 2018ರ ನಿಯಮಾವಳಿಯ ಅಡಿಯಲ್ಲಿ ಬಡ್ತಿಗೆ ಬೋಧನೆಯ ಜೊತೆಗೆ ಇಂಥ ಶೈಕ್ಷಣಿಕ ಚಟುವಟಿಕೆಗಳ ದಾಖಲೆ ಒದಗಿಸಬೇಕಾದ್ದರಿಂದ, ನಿಮ್ಮ ಸದಸ್ಯರು ಸಂಘದ ಬಾಗಿಲಿಗೆ ಬರುವ ಅತಿ ಸಾಮಾನ್ಯ ಕಾರಣ ಇದೇ ಆಗಿರುತ್ತದೆ.

ಇದಲ್ಲದೆ ಪಠ್ಯಕ್ರಮದ ಕಾರ್ಯಾಗಾರಗಳಿವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಪಠ್ಯ ಬಂತು. ಎರಡು ಸಲವೂ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗೆ ಸಲಹೆ ಕಳಿಸುವುದು, ಕಾರ್ಯಭಾರದ ಬಗ್ಗೆ ಮನವಿ ಕೊಡುವುದು, ಹೊಸ ಪತ್ರಿಕೆಗಳಿಗೆ ಪರಾಮರ್ಶನ ಸಾಮಗ್ರಿ ಹಂಚುವುದು ವಿಷಯ ಸಂಘಗಳ ಪಾಲಿಗೇ ಬಂತು. ಸದಸ್ಯತ್ವದ ವಹಿ, ಆವಕ-ಜಾವಕ, ನಗದು ಪುಸ್ತಕ, ಪ್ರಕಟಣೆಗಳ ದಾಸ್ತಾನು ಎಲ್ಲ ಸೇರಿಸಿದರೆ, ನಿಮ್ಮ ಗಾತ್ರದ ಸಂಘದಲ್ಲಿ ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಎಂಟರಿಂದ ಹತ್ತು ಗಂಟೆ, ಸಮ್ಮೇಳನದ ಹಿಂದು-ಮುಂದಿನ ಎರಡು ತಿಂಗಳು ಅದರ ಎರಡರಷ್ಟು ಕೆಲಸ ಇರುತ್ತದೆ ಎಂಬುದು ನನ್ನ ಅಂದಾಜು. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುವವರು ಇದನ್ನು ರಾತ್ರಿ ಹತ್ತರ ಮೇಲೆ ಮಾಡಬೇಕಾಗುತ್ತದೆ. ಒಂದು ವರ್ಷ ಮಾಡುತ್ತಾರೆ, ಎರಡನೇ ವರ್ಷ ಟ್ರಂಕು ಹಸ್ತಾಂತರವಾಗುತ್ತದೆ.

ಈಗ ಸಿಬ್ಬಂದಿಯ ಪ್ರಶ್ನೆ. ವಿಶ್ವವಿದ್ಯಾಲಯದಿಂದ ಒಬ್ಬರನ್ನು ನಿಯೋಜನೆಯ ಮೇಲೆ ಕೊಡಿ ಎಂದು ಕೇಳಬೇಡಿ. ನಿಮ್ಮದು ನೋಂದಾಯಿತ ಸಂಘ, ಅಂದರೆ ಕಾನೂನಿನ ಕಣ್ಣಿನಲ್ಲಿ ಹೊರಗಿನ ಖಾಸಗಿ ಸಂಸ್ಥೆ. ಬೋಧಕೇತರ ಹುದ್ದೆಗಳು ಬಹುಪಾಲು ಖಾಲಿ ಬಿದ್ದು, ವಿಭಾಗಗಳೇ ಹೊರಗುತ್ತಿಗೆಯವರನ್ನು ನಂಬಿ ನಡೆಯುತ್ತಿರುವಾಗ ಯಾವ ಕುಲಸಚಿವರೂ ಅಂಥ ಕಡತಕ್ಕೆ ಸಹಿ ಹಾಕುವುದಿಲ್ಲ. ಹಾಕಿದರೂ ಮುಂದಿನ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಇನ್ನು ವಿಭಾಗದ ಗುಮಾಸ್ತರ ಅನೌಪಚಾರಿಕ ನೆರವು. ನಾನು ಕಂಡ ಸಂಘವೊಂದರಲ್ಲಿ ಅಂಥ ಒಬ್ಬ ಗುಮಾಸ್ತರು ಹತ್ತೊಂಬತ್ತು ವರ್ಷ ಎಲ್ಲವನ್ನೂ ನೋಡಿಕೊಂಡರು; ಯಾರ ವಿಳಾಸ ಬದಲಾಗಿದೆ, ಯಾರ ಶುಲ್ಕ ಬಾಕಿ, ಯಾವ ಬ್ಯಾಂಕಿನಲ್ಲಿ ಠೇವಣಿ, ಎಲ್ಲ ಅವರ ತಲೆಯಲ್ಲಿತ್ತು. ಅವರು ನಿವೃತ್ತರಾದ ದಿನ ಶಾಲು ಹೊದಿಸಿ ಕಳಿಸಿದರು. ಮೂರು ತಿಂಗಳ ನಂತರ ಠೇವಣಿಯ ರಸೀದಿ ಎಲ್ಲಿದೆ ಎಂದು ಕೇಳಲು ಅದೇ ಸಮಿತಿ ಅವರ ಮನೆ ಹುಡುಕಿಕೊಂಡು ಹೋಯಿತು. ಯಾರೂ ತಪ್ಪು ಮಾಡಿರಲಿಲ್ಲ, ಆದರೆ ಸಂಘಕ್ಕೆ ನೆನಪೇ ಇರಲಿಲ್ಲ.

ಇದಕ್ಕಿಂತ ಕೆಟ್ಟ ಪದ್ಧತಿ ಇನ್ನೊಂದಿದೆ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲದಿದ್ದರೂ ಹೇಳಿಬಿಡುತ್ತೇನೆ. ಅಧ್ಯಕ್ಷರು ಪ್ರಾಧ್ಯಾಪಕರಾಗಿದ್ದರೆ ಸಂಘದ ಟೈಪಿಂಗು, ಅತಿಥಿಗಳ ಊಟ-ವಸತಿ, ಬ್ಯಾನರು, ನೋಂದಣಿ ಮೇಜು ಎಲ್ಲವೂ ಅವರ ಪಿಎಚ್‌.ಡಿ. ವಿದ್ಯಾರ್ಥಿಗಳ ಹೆಗಲಿಗೆ ಬೀಳುತ್ತದೆ. ಇದನ್ನು ‘ನಮ್ಮ ಹುಡುಗರು ಮಾಡ್ತಾರೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಮಾರ್ಗದರ್ಶಕರ ಸಹಿಗಾಗಿ ಕಾದಿರುವವರು ಆಗುವುದಿಲ್ಲ ಎನ್ನಲಾರರು. ಸಂಘದ ಕೆಲಸಕ್ಕೆ ಸಂಶೋಧನಾ ವಿದ್ಯಾರ್ಥಿಗಳನ್ನು ಬಳಸುವುದಾದರೆ ಸಮಿತಿಯ ನಿರ್ಣಯವಿರಲಿ, ದಿನದ ಲೆಕ್ಕದಲ್ಲಿ ಗೌರವಧನವಿರಲಿ, ಅಧ್ಯಕ್ಷರ ಸ್ವಂತ ವಿದ್ಯಾರ್ಥಿಗಳು ಬೇಡ.

ಹಾಗಾದರೆ ಉಳಿಯುವುದು ಸಂಘವೇ ಹಣ ಕೊಟ್ಟು ಇಟ್ಟುಕೊಳ್ಳುವ ಅರೆಕಾಲಿಕ ಸಹಾಯಕರು. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. 340 ಸದಸ್ಯರೂ ವರ್ಷಕ್ಕೆ 300 ರೂಪಾಯಿ ಕೊಡುವವರಾಗಿದ್ದರೆ ವರ್ಷದ ಆದಾಯ 1,02,000 ರೂಪಾಯಿ ಆಗುತ್ತಿತ್ತು. ಆದರೆ 260 ಮಂದಿ ಆಜೀವ ಸದಸ್ಯರು; ಅವರು ಕೊಟ್ಟ 2,60,000 ರೂಪಾಯಿ ಹಾಗೆಯೇ ಠೇವಣಿಯಲ್ಲಿದ್ದರೆ, ಶೇಕಡಾ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 18,200. ಉಳಿದ 80 ಮಂದಿಯಿಂದ 24,000. ಒಟ್ಟು 42,200 ರೂಪಾಯಿ, ಅಂದರೆ ತಿಂಗಳಿಗೆ 3,500ರ ಆಸುಪಾಸು, ಅದೂ ಅಂಚೆ, ಮುದ್ರಣ, ಲೆಕ್ಕ ಪರಿಶೋಧನೆಯ ಶುಲ್ಕ ಕಳೆಯುವ ಮೊದಲು. ಠೇವಣಿ ‘ಹಾಗೆಯೇ ಇದ್ದರೆ’ ಎಂದೆ. ಹೆಚ್ಚಿನ ಕಡೆ ಆಜೀವ ಶುಲ್ಕ ಬಂದ ವರ್ಷದ ಸಮ್ಮೇಳನದ ಊಟಕ್ಕೇ ಖರ್ಚಾಗಿರುತ್ತದೆ. ಒಂದು ಸಾವಿರ ರೂಪಾಯಿಗೆ ಮೂವತ್ತು ವರ್ಷದ ಸೇವೆಯನ್ನು ಮಾರಿಕೊಂಡ ಈ ಪದ್ಧತಿಯೇ ನಮ್ಮ ಸಂಘಗಳಿಗೆ ಕಚೇರಿ ಇಲ್ಲದಂತೆ ಮಾಡಿದ್ದು ಎಂದು ನಾನು ನಂಬಿದ್ದೇನೆ.

ಹಳೆಯ ಆಜೀವ ಸದಸ್ಯರಿಂದ ಮತ್ತೆ ಸದಸ್ಯತ್ವ ಶುಲ್ಕ ಕೇಳುವಂತಿಲ್ಲ. ಕೇಳಿದರೆ ಸರ್ವಸದಸ್ಯರ ಸಭೆಯಲ್ಲಿ ಮೊದಲ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಆದರೆ ಮೂರು ಕೆಲಸ ಮಾಡಬಹುದು. ಇನ್ನು ಮುಂದೆ ಆಜೀವ ಸದಸ್ಯತ್ವ ಕೊಡುವುದನ್ನು ನಿಲ್ಲಿಸಿ, ಅಥವಾ ವಾರ್ಷಿಕ ಶುಲ್ಕದ ಹದಿನೈದು ಪಟ್ಟಿಗಿಂತ ಕಡಿಮೆಗೆ ಕೊಡಬೇಡಿ. ಎಲ್ಲ ಸದಸ್ಯರಿಂದಲೂ, ಒತ್ತಾಯವಿಲ್ಲದೆ, ವರ್ಷಕ್ಕೆ 200 ರೂಪಾಯಿಯ ‘ಕಚೇರಿ ನಿಧಿ’ ಎಂದು ಬೇರೆ ತಲೆಬರಹದಲ್ಲಿ ಕೇಳಿ, ಕೊಟ್ಟವರಿಗೆ ಅದರ ಲೆಕ್ಕ ತೋರಿಸಿ. ನಮ್ಮಲ್ಲಿ ಮೊದಲ ವರ್ಷ ಅರ್ಧಕ್ಕಿಂತ ಕಡಿಮೆ ಜನ ಕೊಟ್ಟರು, ಓಓಡಿ ಸುತ್ತೋಲೆ ಸಮಯಕ್ಕೆ ಸರಿಯಾಗಿ ಕೈಸೇರಿದ ವರ್ಷ ಬಹುತೇಕ ಎಲ್ಲರೂ ಕೊಟ್ಟರು. ಮೂರನೆಯದು ಸಮ್ಮೇಳನದ ಪ್ರತಿನಿಧಿ ಶುಲ್ಕ. ಈಗ ಅದು ಪೂರ್ತಿ ಆತಿಥೇಯ ಕಾಲೇಜಿಗೆ ಹೋಗುತ್ತಿರಬಹುದು. ಅದರಲ್ಲಿ ಐದನೇ ಒಂದು ಭಾಗ ಕೇಂದ್ರ ಕಚೇರಿಗೆ ಎಂದು ಆತಿಥ್ಯ ಒಪ್ಪುವಾಗಲೇ ಬರೆಸಿಕೊಳ್ಳಿ; ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಸಮ್ಮೇಳನಗಳ ಮಾತು ಬಂದದ್ದರಿಂದ ಒಂದು ದೊಡ್ಡ ಉದಾಹರಣೆ ನೋಡಬಹುದು. ಭಾರತೀಯ ವಿಜ್ಞಾನ ಕಾಂಗ್ರೆಸ್ ಸಂಸ್ಥೆಗೆ ಕೋಲ್ಕತ್ತದಲ್ಲಿ ಕಾಯಂ ಕಚೇರಿ ಇದೆ. ಅಧಿವೇಶನ ಮಾತ್ರ ವರ್ಷಕ್ಕೊಂದು ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿತ್ತು, ಆತಿಥೇಯರ ಕಡೆಯಿಂದ ಸ್ಥಳೀಯ ಕಾರ್ಯದರ್ಶಿಗಳು ಇರುತ್ತಿದ್ದರು. 2016ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ 103ನೇ ಅಧಿವೇಶನ, 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 107ನೇ ಅಧಿವೇಶನ ಈ ಏರ್ಪಾಡಿನಲ್ಲೇ ನಡೆದವು. ಸದಸ್ಯತ್ವ, ದಾಖಲೆ ಕಾಯಂ ಕಚೇರಿಯಲ್ಲಿ. ಊಟ, ವಸತಿ, ಸಭಾಂಗಣ ಆತಿಥೇಯರಲ್ಲಿ. ಈ ವಿಭಜನೆಯನ್ನು ನಿಮ್ಮ ಸಣ್ಣ ಸಂಘವೂ ಹಾಗೆಯೇ ಎತ್ತಿಕೊಳ್ಳಬಹುದು. ಅದೇ ಸಂಸ್ಥೆಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. 2023ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಹಣಕಾಸಿನ ಅಕ್ರಮದ ಕಾರಣ ಹೇಳಿ ಅಧಿವೇಶನದ ನೆರವನ್ನು ಹಿಂತೆಗೆದುಕೊಂಡಿತು. ಸಂಸ್ಥೆ ಆ ಆರೋಪವನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿತು. ಆತಿಥ್ಯ ವಹಿಸಬೇಕಿದ್ದ ವಿಶ್ವವಿದ್ಯಾಲಯವೂ ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಅಧಿವೇಶನ ನಡೆಯಲಿಲ್ಲ. ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. 1914ರಿಂದ ನಡೆದುಕೊಂಡು ಬಂದ ಸಂಸ್ಥೆಯೇ ಒಬ್ಬ ದಾನಿಯ ಮೇಲೆ ನಿಂತಾಗ ಹೀಗಾದರೆ, ಒಂದು ವಿಭಾಗದ ಒಂದು ಕೋಣೆಯ ಮೇಲೆ ನಿಂತ ಸಂಘದ ಗತಿ ಏನೆಂದು ನಿಮ್ಮ ಸಮಿತಿ ಯೋಚಿಸಲಿ.

ಸಹಾಯಕರು ಯಾರಾಗಬೇಕು ಎಂಬುದರಲ್ಲಿ ನನಗೆ ಸ್ಪಷ್ಟ ಪಕ್ಷಪಾತವಿದೆ: ಕಾಲೇಜು ಅಥವಾ ವಿಶ್ವವಿದ್ಯಾಲಯದ ಕಚೇರಿಯಿಂದ ನಿವೃತ್ತರಾದ ಅಧೀಕ್ಷಕರೊಬ್ಬರನ್ನು ಹುಡುಕಿ. ಟಿಪ್ಪಣಿ ಬರೆಯುವುದು, ಕಡತಕ್ಕೆ ಸಂಖ್ಯೆ ಕೊಡುವುದು, ಇಲಾಖೆಯಲ್ಲಿ ಯಾವ ಮೇಜಿನಲ್ಲಿ ಕಾಗದ ನಿಂತಿದೆ ಎಂದು ಪತ್ತೆ ಮಾಡುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಗಣಕಯಂತ್ರದ ಕೆಲಸಕ್ಕೆ ತಿಂಗಳಿಗೆ ಎರಡು ದಿನ ಯುವಕರೊಬ್ಬರ ನೆರವು ಸಾಕು. ವಾರಕ್ಕೆ ಎರಡು ಮಧ್ಯಾಹ್ನ, ತಲಾ ನಾಲ್ಕು ಗಂಟೆ ಎಂದು ನಿಗದಿ ಮಾಡಿ. ಗಂಟೆಯ ಲೆಕ್ಕದಲ್ಲಿ ಕೊಡುವ ಹಣ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಿರಲಿ. ನೇಮಕಾತಿ ಪತ್ರವನ್ನು ಸಮಿತಿಯ ನಿರ್ಣಯದ ಮೇಲೆ, ಸಂಘದ ಹೆಸರಿನಲ್ಲಿ, ಹನ್ನೊಂದು ತಿಂಗಳಿಗೆ ಕೊಡಿ. ಅವರು ನಗದು ಪುಸ್ತಕ ಬರೆಯಬಹುದು, ಚೆಕ್ಕಿಗೆ ಸಹಿ ಹಾಕಬಾರದು. ಸುತ್ತೋಲೆ ಸಿದ್ಧಪಡಿಸಬಹುದು, ಕಾರ್ಯದರ್ಶಿಯ ಒಪ್ಪಿಗೆ ಇಲ್ಲದೆ ಹೊರಡಿಸಬಾರದು. ಪದಾಧಿಕಾರಿಗಳ ನೆಂಟರು ಬೇಡ ಎಂಬುದನ್ನು ಬರೆಯಬೇಕಾಗಿಲ್ಲವೆಂದುಕೊಂಡಿದ್ದೆ, ಅನುಭವದಿಂದ ಬರೆಯುತ್ತಿದ್ದೇನೆ.

ಕೋಣೆಯ ವಿಷಯದಲ್ಲಿ ಮುಖ್ಯಸ್ಥರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರ ಕಡತದಲ್ಲಿ ನಿಮ್ಮ ಸಂಘಕ್ಕೆ ಕೋಣೆ ಕೊಟ್ಟ ಆದೇಶವೇ ಇಲ್ಲದಿದ್ದರೆ, ಅದನ್ನು ಕಾಪಾಡುವ ಜವಾಬ್ದಾರಿ ಅವರದಲ್ಲ. ಅವರ ಮೂಲಕವೇ ಕುಲಸಚಿವರಿಗೆ ಅರ್ಜಿ ಕೊಡಿ. ಒಂದು ಸಣ್ಣ ಕೋಣೆ ಅಥವಾ ಕೋಣೆಯ ಒಂದು ಭಾಗ, ಒಂದು ಅಲ್ಮೇರಾ, ವಿದ್ಯುತ್ತು, ಅಂಚೆಗೆ ವಿಳಾಸ, ಇಷ್ಟನ್ನು ಮೂರು ವರ್ಷದ ಅವಧಿಗೆ, ತಿಂಗಳಿಗೆ ನೂರು ರೂಪಾಯಿಯಾದರೂ ಬಾಡಿಗೆ ಕೊಟ್ಟು ಪಡೆಯುತ್ತೇವೆ ಎಂದು ಬರೆಯಿರಿ. ಬಾಡಿಗೆ ಏಕೆಂದರೆ, ಕೊಟ್ಟ ಹಣದ ರಸೀದಿ ಇರುವ ಜಾಗವನ್ನು ಬಾಯಿ ಮಾತಿನಲ್ಲಿ ಬಿಡಿಸಲಾಗುವುದಿಲ್ಲ. ಪ್ರತಿಯಾಗಿ ವಿಭಾಗದ ಜೊತೆ ವರ್ಷಕ್ಕೆ ಎರಡು ಕಾರ್ಯಾಗಾರ ನಡೆಸುವುದಾಗಿ ಹೇಳಿ. ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಗೆ ದಾಖಲೆ ಬೇಕಾಗಿರುವ ಯಾವ ವಿಭಾಗವೂ ಅದನ್ನು ಸುಲಭಕ್ಕೆ ಬೇಡ ಎನ್ನುವುದಿಲ್ಲ. ಆದೇಶ ಬರದಿದ್ದರೆ ಅನುದಾನಿತ ಕಾಲೇಜೊಂದರ ಆಡಳಿತ ಮಂಡಳಿಯನ್ನು ಕೇಳಿ ನೋಡಿ. ಜಾಗ ಬದಲಾದರೆ ಸಂಘದ ನೋಂದಾಯಿತ ವಿಳಾಸ ಬದಲಾಯಿಸಿ ನೋಂದಣಾಧಿಕಾರಿಗೆ ತಿಳಿಸುವುದನ್ನು ಮಾತ್ರ ಮರೆಯಬೇಡಿ.

ಸಂಘ ಎರಡಾಗಬೇಕೇ? ನನ್ನ ಉತ್ತರ ಬೇಡ ಎಂದು. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ, ದಾವಣಗೆರೆ 2009ರಲ್ಲಿ, ಬೆಳಗಾವಿಯ ರಾಣಿ ಚನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ 2010ರಲ್ಲಿ ಬಂದವು. ಬೆಂಗಳೂರು ವಿಶ್ವವಿದ್ಯಾಲಯ 2017ರ ಹೊತ್ತಿಗೆ ಮೂರಾಯಿತು. 2022-23ರಲ್ಲಿ ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್, ಹಾಸನ, ಕೊಡಗು, ಚಾಮರಾಜನಗರಗಳಿಗೆ ಒಂದೊಂದು ಬಂತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮತ್ತೆ ಮಾತೃ ವಿಶ್ವವಿದ್ಯಾಲಯಕ್ಕೆ ಸೇರಿಸುವ ಪ್ರಸ್ತಾವ ಸರ್ಕಾರದ ಮಟ್ಟದಲ್ಲೇ ಬಂತು. ವಿಶ್ವವಿದ್ಯಾಲಯದ ಗಡಿ ಬದಲಾದಾಗಲೆಲ್ಲ ಸಂಘ ಒಡೆಯುತ್ತಾ ಹೋದರೆ ಎಲ್ಲಿಯೂ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳುವಷ್ಟು ಸದಸ್ಯರು ಉಳಿಯುವುದಿಲ್ಲ. ನಿಮ್ಮ ಉಪನಿಯಮದಲ್ಲಿ ‘ಇಂಥ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು’ ಎಂದಿರುವ ಕಡೆ ಜಿಲ್ಲೆಗಳ ಹೆಸರು ಬರೆಸಿ. ಹೊಸ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೊಂದಿಗೆ ವ್ಯವಹರಿಸಲು ಒಂದು ಉಪಸಮಿತಿ ಇರಲಿ. ಕಚೇರಿ, ಖಾತೆ, ವಹಿ ಒಂದೇ ಇರಲಿ.

ನೋಂದಣಿಯ ಬಗ್ಗೆ ಭಯ ಬೇಡ, ಆದರೆ ತಡವೂ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ 13ನೇ ಪ್ರಕರಣದ ಪ್ರಕಾರ, ವಾರ್ಷಿಕ ಸರ್ವಸದಸ್ಯರ ಸಭೆಯ ನಂತರ 14 ದಿನದೊಳಗೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿ, ಜೊತೆಗೆ ಪರಿಶೋಧಿತ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮ ಜನ ‘ನವೀಕರಣ’ ಎನ್ನುವುದು ಇದನ್ನೇ. ಸಹಕಾರ ಇಲಾಖೆಯ ಅಡಿಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಹೋಗಿ, ನಿಮ್ಮ ಸಂಘದ ಕಡತದಲ್ಲಿ ಇರುವ ಎಲ್ಲ ಕಾಗದಗಳ ದೃಢೀಕೃತ ಪ್ರತಿ ಕೇಳಿ. ಹಿಂದಿನವರು ಕೆಲವು ವರ್ಷ ಸಲ್ಲಿಸಿ ಪ್ರತಿ ಇಟ್ಟುಕೊಳ್ಳದೆಯೂ ಇರಬಹುದು. ನಿಜವಾಗಿಯೂ ಸಲ್ಲಿಸದ ವರ್ಷಗಳಿಗೆ, ಬ್ಯಾಂಕಿನಿಂದ ಆಯಾ ವರ್ಷದ ಖಾತೆ ವಿವರ ತೆಗೆಸಿ, ರಸೀದಿಯ ಅಡಿಹಾಳೆಗಳೊಂದಿಗೆ ತಾಳೆ ನೋಡಿ ಲೆಕ್ಕ ಸಿದ್ಧಪಡಿಸಿ ಪರಿಶೋಧಕರಿಗೆ ಕೊಡಿ. ವೋಚರು ಸಿಗದ ಖರ್ಚನ್ನು ‘ವೋಚರು ಲಭ್ಯವಿಲ್ಲ’ ಎಂದೇ ಬರೆಯಿರಿ. ನಡೆಯದ ಸಭೆಗೆ ಈಗ ನಡಾವಳಿ ಬರೆದು ಹಳೆಯ ದಿನಾಂಕ ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ಅದಕ್ಕೆ ಒಪ್ಪಬೇಡಿ. ಸಭೆ ನಡೆಯಲಿಲ್ಲ ಎಂದು ಒಪ್ಪಿಕೊಂಡು, ಬಾಕಿ ವರ್ಷಗಳ ಲೆಕ್ಕವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಟ್ಟು ಅನುಮೋದನೆ ಪಡೆದು, ತಡದ ಶುಲ್ಕ ಕಟ್ಟಿ ಸಲ್ಲಿಸುವುದೇ ನೇರ ದಾರಿ. ಸಮಾಜ ವಿಜ್ಞಾನ ಸಂಶೋಧನೆಗೆ ನೆರವು ಕೊಡುವ ಐಸಿಎಸ್‌ಎಸ್‌ಆರ್‌ನಂಥ ಸಂಸ್ಥೆಗಳಿಂದ ವಿಚಾರ ಸಂಕಿರಣಕ್ಕೆ ಅನುದಾನ ಕೇಳುವಾಗ ಈ ಕಾಗದಗಳೇ ಬೇಕಾಗುತ್ತವೆ, ಅನುದಾನ ಬಂದ ಮೇಲೆ ಸರ್ಕಾರಿ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ.

ತಡವಾಗಿ ವ್ಯವಸ್ಥೆ ಮಾಡಿಕೊಂಡವರು ನೀವೊಬ್ಬರೇ ಅಲ್ಲ. ದೇಶದ ಕುಲಪತಿಗಳೇ ಸೇರುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಎಂಬ ಹೆಸರಿನಲ್ಲಿ ಶುರುವಾಗಿ, ಸಂಘವಾಗಿ ನೋಂದಣಿಯಾದದ್ದು 1967ರಲ್ಲಿ, ಈಗಿನ ಹೆಸರು ಪಡೆದದ್ದು 1973ರಲ್ಲಿ.

ಬ್ಯಾಂಕಿನ ವಿಷಯ ಚಿಕ್ಕದು, ಆದರೆ ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧ್ಯಕ್ಷರಲ್ಲಿ ಯಾರಾದರೂ ಇಬ್ಬರ ಸಹಿ ಎಂದು ನಿರ್ಣಯ ಮಾಡಿ, ಪ್ರತಿ ಚುನಾವಣೆಯ ಬಳಿಕ ಸಹಿದಾರರನ್ನು ಬದಲಿಸಿ. ಠೇವಣಿ ಸಂಘದ ಹೆಸರಿನಲ್ಲಿಯೇ, ಸಂಘದ ಪ್ಯಾನ್ ಸಂಖ್ಯೆಯೊಂದಿಗೆ ಇದೆಯೇ ನೋಡಿ. ಪ್ಯಾನ್ ಕೊಡದಿದ್ದರೆ ಬಡ್ಡಿಯಲ್ಲಿ ಶೇಕಡಾ 20ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ, ಹಳೆಯ ಪದಾಧಿಕಾರಿಗಳ ಹೆಸರಿನಲ್ಲಿದ್ದರೆ ಬಡ್ಡಿ ಅವರ ಆದಾಯವಾಗಿ ಕಾಣಿಸುತ್ತದೆ. ಶುಲ್ಕವನ್ನು ಕೋಶಾಧ್ಯಕ್ಷರ ಸ್ವಂತ ಫೋನ್‌ಪೇ ಸಂಖ್ಯೆಗೆ ಹಾಕಿಸುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ, ಸಂಘದ ಖಾತೆಗೆ ಕ್ಯೂಆರ್ ಕೋಡ್ ಮಾಡಿಸಿ. ಆದಾಯ ತೆರಿಗೆಯ ವಿನಾಯಿತಿ ನೋಂದಣಿ ಬೇಕೇ ಎಂಬುದನ್ನು ಪರಿಶೋಧಕರು ನಿಮ್ಮ ಲೆಕ್ಕ ನೋಡಿ ಹೇಳಲಿ. ಜಿಎಸ್‌ಟಿಯ 20 ಲಕ್ಷದ ಮಿತಿ ನಿಮ್ಮಿಂದ ಬಹಳ ದೂರವಿದೆ.

ಇಮೇಲ್ ಕೂಡ ಖಾತೆಯಂತೆಯೇ. ಸಂಘದ ಹೆಸರಿನ ವಿಳಾಸವಿರಲಿ, ಗುಪ್ತಪದ ಮರೆತಾಗ ಒಟಿಪಿ ಬರುವ ಮೊಬೈಲು ಹಿಂದಿನ ಕಾರ್ಯದರ್ಶಿಯದಾಗಿ ಉಳಿಯದಿರಲಿ. ಸರ್ವಸದಸ್ಯರ ಸಭೆಯ ತಿಳುವಳಿಕೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಸಾಕೆಂದು ಉಪನಿಯಮದಲ್ಲಿ ಇಲ್ಲದಿದ್ದರೆ ಅದು ಸಾಲದು. ಸದಸ್ಯರ ಪಟ್ಟಿಯ ವಿಷಯದಲ್ಲಿ ಎಚ್ಚರ ಬೇಕು: ಜೂನ್ ಬಂತೆಂದರೆ ಪಠ್ಯಪುಸ್ತಕದ ಪ್ರಕಾಶಕರು ಅಧ್ಯಾಪಕರ ಹೆಸರು, ಮೊಬೈಲ್ ಸಂಖ್ಯೆಗಳ ಪಟ್ಟಿ ಕೇಳಿಕೊಂಡು ಬರುತ್ತಾರೆ, ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುವ ಮಾತನ್ನೂ ಆಡುತ್ತಾರೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ ಕಾನೂನು ಬಂದಿದೆ. ಸದಸ್ಯರು ಸಂಘಕ್ಕೆ ಕೊಟ್ಟ ಸಂಖ್ಯೆಯನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡಬೇಡಿ. ಸದಸ್ಯತ್ವದ ಅರ್ಜಿಯಲ್ಲಿ ಇದಕ್ಕೊಂದು ಸಾಲು ಸೇರಿಸಿದರೆ ಜಾಹೀರಾತಿನವರಿಗೆ ಉತ್ತರ ಹೇಳುವುದು ಸುಲಭ.

ನೀವು ಸರ್ಕಾರಿ ಕಾಲೇಜಿನವರು. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ನಿಮಗೆ ಅನ್ವಯಿಸುವುದರಿಂದ, ಕಾರ್ಯದರ್ಶಿಯಾಗಿ ಆಯ್ಕೆಯಾದ ವಿಷಯವನ್ನು ಪ್ರಾಂಶುಪಾಲರ ಮೂಲಕ ಇಲಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಸಂಘದಿಂದ ಗೌರವಧನ ಪಡೆಯಬೇಡಿ. ಪ್ರಯಾಣದ ಖರ್ಚನ್ನು ಮಾತ್ರ ಟಿಕೆಟ್ಟು ಇಟ್ಟು ಪಡೆಯಿರಿ.

ಇಷ್ಟೆಲ್ಲಕ್ಕೂ ಮುಂಚೆ, ಈ ವಾರವೇ, ಹಿಂದಿನ ಕಾರ್ಯದರ್ಶಿಗಳನ್ನು ಒಂದು ಗಂಟೆಗೆ ಕರೆಯಿರಿ. ಅವರಿಗೆ ಇನ್ನೂ ಎಲ್ಲ ನೆನಪಿದೆ. ಮುಂದಿನ ಸೆಮಿಸ್ಟರಿನ ಹೊತ್ತಿಗೆ ಇರುವುದಿಲ್ಲ. ಅವರ ಎದುರಿನಲ್ಲೇ ಟ್ರಂಕು ತೆಗೆದು ಚಾರ್ಜ್ ಪಟ್ಟಿ ಮಾಡಿ: ಯಾವ ವಹಿ, ಎಷ್ಟನೇ ಪುಟದವರೆಗೆ ಬರೆದದ್ದು, ರಸೀದಿ ಪುಸ್ತಕ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಖಾಲಿ, ಠೇವಣಿ ರಸೀದಿ ಎಷ್ಟು, ಯಾವಾಗ ಮುಗಿಯುತ್ತದೆ, ಮೊಹರು ಎಷ್ಟು, ಮಾರಾಟವಾಗದೆ ಉಳಿದ ಪುಸ್ತಕ ಎಷ್ಟು, ಎಲ್ಲಿ, ಸಂಘದ ಇಮೇಲ್ ಯಾವ ಮೊಬೈಲಿಗೆ ಜೋಡಿಸಿದೆ. ಇಬ್ಬರೂ ಸಹಿ ಮಾಡಿ, ಕೋಶಾಧ್ಯಕ್ಷರಿಂದ ಸಾಕ್ಷಿ ಸಹಿ ಹಾಕಿಸಿ ಮೂರು ಪ್ರತಿ ಇಟ್ಟುಕೊಳ್ಳಿ. ಟ್ರಂಕಿಗೆ ಬೀಗ ಇದ್ದರೆ ಎರಡನೇ ಕೀಲಿಕೈ ಅವರಲ್ಲೇ ಉಳಿದಿರುತ್ತದೆ, ಅದನ್ನೂ ಕೇಳಿ ತೆಗೆದುಕೊಳ್ಳಿ.